ಸಂಸ್ಥಾಪಕಿಯರ ದಿನ: ಕನ್ಯಾಸ್ತ್ರೀಯರ ಕಾಲೇಜುಗಳು ಯಾರನ್ನು ನೆನೆಯುತ್ತವೆ?

ಬಿ.ಟಿ.ಎಂ. ಲೇಔಟ್ ದಾಟಿ ಕೋರಮಂಗಲದತ್ತ ಹೋದರೆ ಹೊಸೂರು ರಸ್ತೆಯ ಬದಿಯಲ್ಲಿ ಸಿಗುವ ಜ್ಯೋತಿ ನಿವಾಸ್ ಕಾಲೇಜು ಶುರುವಾದದ್ದು 1966ರಲ್ಲಿ. ಅದನ್ನು ನಡೆಸುವ ‘ಸೇಂಟ್ ಜೋಸೆಫ್ ಆಫ್ ತಾರ್ಬ್’ ಸಭೆ ಹುಟ್ಟಿದ್ದು 1843ರಲ್ಲಿ, ಫ್ರಾನ್ಸಿನ ಪಿರನೀಸ್ ಬೆಟ್ಟಗಳ ಕಡೆಯ ಕಾಂತಾವುಸ್ ಎಂಬ ಹಳ್ಳಿಯಲ್ಲಿ. ನಡುವೆ 123 ವರ್ಷಗಳಿವೆ. ಕನ್ಯಾಸ್ತ್ರೀಯರು ಕಟ್ಟಿದ ವಿದ್ಯಾಸಂಸ್ಥೆಗಳ ಸ್ಮರಣೋತ್ಸವಗಳಲ್ಲಿ ಇಷ್ಟು ದೀರ್ಘ ಅವಧಿ ಬಲಿಪೂಜೆ, ಭಾವಚಿತ್ರ, ಕಿರುನಾಟಕಗಳ ನಡುವೆ ಕಾಣದೇ ಹೋಗುತ್ತದೆ. ಸಭೆಯನ್ನು ಸ್ಥಾಪಿಸಿದವರು ಒಬ್ಬರು, ಕಾಲೇಜು ಕಟ್ಟಿದವರು ಬೇರೊಬ್ಬರು. ಉತ್ಸವ ಮೊದಲಿನವರದ್ದು.

ಬೆಂಗಳೂರಿಗೆ ಮೊದಲು ಬಂದವರು ತಾರ್ಬ್‌ನವರಲ್ಲ. ಮೈಸೂರು ಮಿಷನ್ನಿನ ಬಿಷಪ್ ಶಾರ್ಬೊನೊ ಅವರ ಕಾಲದಲ್ಲಿ, 1854ರಲ್ಲಿ, ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು ಇಲ್ಲಿ ನೆಲೆಯೂರಿದ್ದರು. ತಾರ್ಬ್‌ನವರು 1882ರಲ್ಲಿ ಬಂದರು. ಅವರನ್ನು ಕರೆಸಿದ್ದು ಪಾಠ ಹೇಳಲಿಕ್ಕಲ್ಲ, ದಂಡು ಪ್ರದೇಶದ ಬೌರಿಂಗ್ ಆಸ್ಪತ್ರೆಯಲ್ಲಿ ರೋಗಿಗಳ ಶುಶ್ರೂಷೆಗೆ.

ಮಂಗಳೂರಿನ ಕಥೆ ಇನ್ನೂ ಜಟಿಲವಾದದ್ದು. ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಸಂಸ್ಥಾಪಕಿ ಮದರ್ ವೆರೋನಿಕಾ (ಸೋಫಿ ಲೀವ್ಸ್) 1823ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದವರು. 1860ರ ದಶಕದಲ್ಲಿ ಬೇರೊಂದು ಸಭೆಯ ಸದಸ್ಯೆಯಾಗಿ ಕಲ್ಲಿಕೋಟೆಯಲ್ಲಿ ದುಡಿದವರು. 1868ರಲ್ಲಿ ಅವರು ಫ್ರಾನ್ಸಿನ ಬೇಯೋನ್‌ನಲ್ಲಿ ತಮ್ಮ ಸಭೆಯನ್ನು ಆರಂಭಿಸಿದರು. 1870ರಲ್ಲಿ ಬಿಷಪ್ ಮರೀ ಎಫ್ರೆಮ್ ಅವರ ಆಸರೆಯಲ್ಲಿ ಅದರ ಮೊದಲ ಸಿಸ್ಟರುಗಳು ಮಂಗಳೂರಿಗೆ ಬಂದಿಳಿದರು. ವೆರೋನಿಕಾ ಮಾತ್ರ ಅವರ ಜೊತೆ ಬಂದು ನೆಲೆಸಲಿಲ್ಲ. ಫ್ರಾನ್ಸಿನ ಪೋ ಪಟ್ಟಣದ ಮಠಕ್ಕೆ ಮರಳಿ, 1906ರಲ್ಲಿ ಅಲ್ಲೇ ತೀರಿಕೊಂಡರು. ಅವರ ಸಭೆ ಮಂಗಳೂರಿನಲ್ಲಿ ಸೇಂಟ್ ಆಗ್ನೆಸ್ ಕಾಲೇಜು ತೆರೆದದ್ದು 1921ರಲ್ಲಿ. ಅದೇ 1870ರಲ್ಲಿ ಪೋ ಮಠದಿಂದ ಮಂಗಳೂರಿಗೆ ಹೊರಟ ಏಕಾಂತವಾಸಿ ಕಾರ್ಮೆಲೈಟರ ತಂಡದಲ್ಲಿ ಮೂವರು ದಾರಿಯಲ್ಲೇ ಅಸುನೀಗಿದರು. ಬದುಕಿ ಬಂದವರಲ್ಲಿ ಒಬ್ಬರು ಪ್ಯಾಲೆಸ್ತೀನಿನ ಮರಿಯಂ ಬವಾರ್ದಿ, 2015ರಲ್ಲಿ ಸಂತಪದವಿಗೇರಿದವರು. ಆ ಮೂವರ ಹೆಸರು ಗೊತ್ತಿರುವವರು ಎಷ್ಟು ಮಂದಿ?

ಮೌಂಟ್ ಕಾರ್ಮೆಲ್ ಕಾಲೇಜಿನ ಮೂಲ ಯುರೋಪಿನಲ್ಲಿಲ್ಲ. ಮದರಾಸಿನಲ್ಲಿ ಹುಟ್ಟಿದ ಗ್ರೇಸ್ ಡಿ’ಲಿಮಾ, ಅಂದರೆ ಮದರ್ ತೆರೇಸಾ ಆಫ್ ಸೇಂಟ್ ರೋಸ್ ಆಫ್ ಲಿಮಾ, 1887ರಲ್ಲಿ ಎರ್ನಾಕುಲಂನಲ್ಲಿ ಸಭೆ ಸ್ಥಾಪಿಸಿದರು. 1902ರ ಸೆಪ್ಟೆಂಬರಿನಲ್ಲಿ ಕಡಪ ಜಿಲ್ಲೆಯ ಮಂಗಪಟ್ಟಣಂ ಬಳಿ ಪ್ರವಾಹಕ್ಕೆ ಸೇತುವೆ ಕೊಚ್ಚಿಹೋಗಿ ನಡೆದ ರೈಲು ದುರಂತದಲ್ಲಿ ಅವರು ಮಡಿದರು. 1944ರಲ್ಲಿ ತ್ರಿಶೂರಿನಲ್ಲಿ ಶುರುವಾದ ಕಾಲೇಜು 1948ರಲ್ಲಿ ಬೆಂಗಳೂರಿಗೆ ಬಂತು. ಒಂದು ಊರಿನ ಕಾಲೇಜನ್ನು ಎತ್ತಿ ಇನ್ನೊಂದು ಊರಿನಲ್ಲಿ ನೆಲೆಗೊಳಿಸುವುದು ಸಣ್ಣ ಕೆಲಸವಲ್ಲ. ಆದರೆ ನಾಟಕಕ್ಕೆ ಒದಗುವುದು ರೈಲು ದುರಂತವೇ.

ಸ್ಮರಣೆ ಹೀಗೆ ಸಂಸ್ಥಾಪಕಿಯ ಸುತ್ತ ಕೇಂದ್ರೀಕೃತವಾದದ್ದಕ್ಕೆ ಒಂದು ಮುಖ್ಯ ಕಾರಣವನ್ನು ನಾನು ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ ಕಾಣುತ್ತೇನೆ. 1965ರ ಅಕ್ಟೋಬರಿನಲ್ಲಿ ಹೊರಬಿದ್ದ ‘ಪರ್ಫೆಕ್ತೇ ಕಾರಿತಾತಿಸ್’ ಆಜ್ಞಾಪತ್ರ, ಪ್ರತಿಯೊಂದು ಸಭೆಯೂ ತನ್ನ ಸಂಸ್ಥಾಪಕರ ಮೂಲ ಆಶಯಕ್ಕೆ ಮರಳಬೇಕೆಂದು ಹೇಳಿತು. ಅದಕ್ಕೂ ಮುಂಚೆ ಕಾನ್ವೆಂಟಿನ ಪಂಚಾಂಗ ನಿಂತಿದ್ದು ಸಂತರ ಹಬ್ಬಗಳ ಮೇಲೆ: ಮಾರ್ಚ್ 19 ಸಂತ ಜೋಸೆಫರದು, ಜುಲೈ 16 ಕಾರ್ಮೆಲ್ ಮಾತೆಯದು, ಅಕ್ಟೋಬರ್ 15 ಆವಿಲಾದ ತೆರೇಸಾರದು. ಆ ಬಳಿಕ ಸಂತರ ಪಕ್ಕಕ್ಕೆ ಸಂಸ್ಥಾಪಕಿಯೂ ಬಂದು ನಿಂತರು. ಸಂತಪದವಿಯ ಪ್ರಕ್ರಿಯೆ ಇದಕ್ಕೆ ಇನ್ನಷ್ಟು ಒತ್ತು ಕೊಟ್ಟಿತು; ವೆರೋನಿಕಾ ಅವರಿಗೆ 2014ರಲ್ಲಿ ‘ಪೂಜ್ಯ’ರೆಂಬ ಮನ್ನಣೆ ಸಿಕ್ಕಿತು. ಜ್ಯೋತಿ ನಿವಾಸ್ ತೆರೆದದ್ದು ಆಜ್ಞಾಪತ್ರ ಬಂದ ಮರುವರ್ಷವೇ ಎಂಬುದು ಕಾಕತಾಳೀಯ; ಆದರೂ ಆ ಪೀಳಿಗೆಯ ಸಿಸ್ಟರುಗಳು ಹಿಂದಿನದನ್ನು ಹೊಸದಾಗಿ ಓದಿಕೊಳ್ಳುತ್ತಲೇ ಕಾಲೇಜನ್ನೂ ಕಟ್ಟಬೇಕಾಗಿತ್ತು.

ಆ ಪೀಳಿಗೆಯ ಚರಿತ್ರೆ ಬರೆಯುವುದು ಕಷ್ಟ. ವ್ರತ ತೊಟ್ಟಾಗ ಮನೆಯ ಹೆಸರು ಬಿಟ್ಟುಕೊಟ್ಟವರು, ವರ್ಗವಾದಾಗ ತುಟಿಪಿಟಕ್ಕೆನ್ನದೆ ಬೇರೆ ಊರಿಗೆ ಹೋದವರು ತಮ್ಮ ಬಗ್ಗೆ ಬರೆದುಕೊಳ್ಳುವುದು ಅಪರೂಪ. ಅವರನ್ನು ಹುಡುಕಲು ಭಾವಚಿತ್ರಗಳಿಗಿಂತ ಜಮೀನಿನ ಕ್ರಯಪತ್ರ, ವಿಶ್ವವಿದ್ಯಾಲಯದ ಸಂಯೋಜನೆಗಾಗಿ ಬರೆದ ಅರ್ಜಿ, ಹಾಸ್ಟೆಲಿನ ದಾಖಲಾತಿ ಪುಸ್ತಕ, ಸಂಬಳದ ಖಾತೆಗಳೇ ಹೆಚ್ಚು ನೆರವಾಗುತ್ತವೆ. ಈ ಕಡತಗಳಲ್ಲಿ ಬಹುಪಾಲು ಕಾಲೇಜುಗಳಲ್ಲಿ, ಮಠಗಳಲ್ಲಿ ಉಳಿದಿರುತ್ತವೆ. ಅವುಗಳನ್ನು ಬಿಡಿಸಿ ಓದುವುದಕ್ಕೆ ಸಂಸ್ಥಾಪಕಿಯರ ದಿನವೇ ಒಳ್ಳೆಯ ನೆಪವಾದೀತು.