ಬೋ ಕಾರ್ಖಾನೆಯ ಬಿಳಿ ರಂಜಕ

ಪೂರ್ವ ಲಂಡನ್ನಿನ ಬೋ ಪ್ರದೇಶದ ಫೇರ್‌ಫೀಲ್ಡ್ ರಸ್ತೆಯಲ್ಲಿ ಇಂದು ಫ್ಲ್ಯಾಟುಗಳಿರುವ ನೆಲೆಯಲ್ಲಿ ಹಿಂದೆ ಬ್ರಯಂಟ್ ಆಂಡ್ ಮೇ ಕಂಪನಿಯ ಬೆಂಕಿಕಡ್ಡಿ ಕಾರ್ಖಾನೆಯಿತ್ತು. 1888ರ ಜುಲೈ ತಿಂಗಳಲ್ಲಿ ಅಲ್ಲಿನ ಸುಮಾರು 1,400 ಹೆಂಗಸರು ಮತ್ತು ಹುಡುಗಿಯರು ಕೆಲಸ ನಿಲ್ಲಿಸಿ ಹೊರನಡೆದರು.

ಅಂದಿನ ಅಗ್ಗದ ಕಡ್ಡಿಗಳ ತುದಿಗೆ ಬಿಳಿ ರಂಜಕವನ್ನು ಹಚ್ಚುತ್ತಿದ್ದರು. ಎಲ್ಲಿ ಗೀರಿದರೂ ಹೊತ್ತಿಕೊಳ್ಳುವುದೇ ಅದರ ಆಕರ್ಷಣೆ. ಆದರೆ ಅದರ ಆವಿಯನ್ನು ದಿನವೂ ಸೇವಿಸಿದವರ ದವಡೆಯ ಮೂಳೆ ಸಾಯುತ್ತಿತ್ತು. ಹಲ್ಲುನೋವಿನಿಂದ ಆರಂಭವಾಗಿ, ಕೀವು ಕಟ್ಟಿ, ದುರ್ಗಂಧ ಬೀರಿ, ಕೊನೆಗೆ ದವಡೆಯನ್ನೇ ಕತ್ತರಿಸಿ ತೆಗೆಯಬೇಕಾಗುತ್ತಿದ್ದ ಈ ರೋಗವನ್ನು ಕಾರ್ಮಿಕರು ‘ಫಾಸಿ ಜಾ’ ಎಂದು ಕರೆದರು. ಹುಡುಗಿಯರು ಕೆಲಸದ ಜಾಗದಲ್ಲಿಯೇ ಊಟ ಮಾಡುತ್ತಿದ್ದುದರಿಂದ ವಿಷವು ಅನ್ನದೊಡನೆಯೂ ಒಳಸೇರುತ್ತಿತ್ತು.

ಅಪಾಯವಿಲ್ಲದ ದಾರಿ ತಿಳಿದಿರಲಿಲ್ಲವೆ? ತಿಳಿದಿತ್ತು. ಕೆಂಪು ರಂಜಕ ಬಳಸುವ ಸ್ವೀಡನ್ನಿನ ಸುರಕ್ಷಿತ ಬೆಂಕಿಕಡ್ಡಿಯ ಬ್ರಿಟಿಷ್ ಹಕ್ಕನ್ನು ಇದೇ ಕಂಪನಿ 1855ರಲ್ಲಿಯೇ ಕೊಂಡಿತ್ತು! ಕೊಳ್ಳುವವರು ಅಗ್ಗದ ಕಡ್ಡಿಯನ್ನೇ ಬಯಸಿದರು, ಕಂಪನಿ ಅದನ್ನೇ ಮಾಡಿತು. ಫಿನ್ಲೆಂಡ್ 1872ರಲ್ಲಿ, ಡೆನ್ಮಾರ್ಕ್ 1874ರಲ್ಲಿ ಬಿಳಿ ರಂಜಕದ ಕಡ್ಡಿಗಳನ್ನು ನಿಷೇಧಿಸಿದರೂ ಬ್ರಿಟನ್ ಸುಮ್ಮನಿತ್ತು.

ಇಲ್ಲಿ ನಮಗೆ ಪರಿಚಿತವಾದ ಹೆಸರೊಂದು ಬರುತ್ತದೆ. ಮುಂದೆ ಭಾರತದಲ್ಲಿ ಹೋಂ ರೂಲ್ ಚಳವಳಿ ನಡೆಸಿ, 1917ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷೆಯಾದ ಆನಿ ಬೆಸೆಂಟ್ 1888ರ ಜೂನ್ 23ರಂದು ‘ದಿ ಲಿಂಕ್’ ಪತ್ರಿಕೆಯಲ್ಲಿ ಈ ಕಾರ್ಖಾನೆಯನ್ನು ಕುರಿತು ಬರೆದರು. ಷೇರುದಾರರಿಗೆ ಶೇಕಡ 23ರ ಲಾಭಾಂಶ. ಪಾದ ಕೊಳೆಯಾಗಿದ್ದ ಹುಡುಗಿಗೆ ಮೂರು ಪೆನ್ಸ್ ದಂಡ. ಲೇಖನ ಸುಳ್ಳೆಂದು ಸಹಿ ಹಾಕುವಂತೆ ಕಂಪನಿ ಒತ್ತಾಯಿಸಿದಾಗ ಕಾರ್ಮಿಕರು ಒಪ್ಪಲಿಲ್ಲ. ಬೆಸೆಂಟರೇ ಮುಷ್ಕರವನ್ನು ಹೂಡಿದರೆಂಬ ಮಾತು ಪ್ರಚಲಿತವಾಗಿದೆ, ಅದು ಸರಿಯಲ್ಲ. ಅವರು ಬಯಸಿದ್ದು ಗ್ರಾಹಕರ ಬಹಿಷ್ಕಾರವನ್ನು. ಹೊರನಡೆದವರು ಆ ಹೆಂಗಸರೇ, ತಮ್ಮ ನಿರ್ಧಾರದಿಂದಲೇ.

ಎರಡು ವಾರಗಳೊಳಗೆ ಅವರು ಗೆದ್ದರು. ದಂಡಗಳು ರದ್ದಾದವು; ಊಟಕ್ಕೆ ಪ್ರತ್ಯೇಕ ಕೊಠಡಿ ಕೊಡಲು ಕಂಪನಿ ಒಪ್ಪಿತು. ಈ ಕೊಠಡಿಯ ಬೇಡಿಕೆ ಚಿಕ್ಕದೆಂದು ತೋರಬಹುದು, ಆದರೆ ವಿಷವನ್ನು ತುತ್ತಿನಿಂದ ದೂರವಿಡುವ ಉಪಾಯ ಅದೇ ಆಗಿತ್ತು. ರಂಜಕ ಮಾತ್ರ ಉಳಿಯಿತು. 1891ರಲ್ಲಿ ಸಾಲ್ವೇಷನ್ ಆರ್ಮಿ ಹತ್ತಿರದಲ್ಲಿಯೇ ಕೆಂಪು ರಂಜಕದ ಕಾರ್ಖಾನೆ ತೆರೆದು ಹೆಚ್ಚು ಕೂಲಿ ಕೊಟ್ಟಿತು. 1898ರಲ್ಲಿ ಬ್ರಯಂಟ್ ಆಂಡ್ ಮೇ 17 ರೋಗಿಗಳ ವಿಷಯವನ್ನು ಮುಚ್ಚಿಟ್ಟದ್ದು ಬಯಲಾಯಿತು. ವಿಧಿಸಿದ ದಂಡ 25 ಪೌಂಡ್ 9 ಷಿಲಿಂಗ್. ಅದೇ ವರ್ಷ ಫ್ರಾನ್ಸಿನಲ್ಲಿ, ಎಲ್ಲಿ ಗೀರಿದರೂ ಹೊತ್ತುವ, ದವಡೆಗೆ ಹಾನಿ ಮಾಡದ ಬದಲಿ ರಾಸಾಯನಿಕ ಸಿದ್ಧವಾಯಿತು. ಕಂಪನಿ 1901ರಲ್ಲಿ ಬಿಳಿ ರಂಜಕವನ್ನು ಕೈಬಿಟ್ಟಿತು.

1906ರ ಬರ್ನ್ ಒಪ್ಪಂದದ ತರುವಾಯ ಬ್ರಿಟನ್ 1908ರಲ್ಲಿ ನಿಷೇಧದ ಕಾಯಿದೆ ಮಾಡಿತು. ಭಾರತದಲ್ಲಿಯೂ 1913ರಲ್ಲಿ ಅಂಥದೇ ಕಾಯಿದೆ ಬಂತು.