ಲೂಟಿಯ ಪಟ್ಟಿಯಲ್ಲಿ ಹೆಂಗಸರು

ಸಿದ್ದಿಗಳು ಆಫ್ರಿಕಾದಿಂದ ಬಂದವರು ಅಂತ ನಮ್ಮ ಪುಸ್ತಕಗಳೆಲ್ಲ ಬರೆಯುತ್ತವೆ. ಬಂದವರು! ನೆಂಟರ ಮನೆಗೆ ಬಂದ ಹಾಗೆ. ಜೊಯಿಡಾ, ಹಳಿಯಾಳ, ಮುಂಡಗೋಡ, ಯಲ್ಲಾಪುರದ ಕಾಡಂಚಿನಲ್ಲಿ ಇವತ್ತು ಬದುಕುತ್ತಿರುವ ಈ ಜನರ ಹಿರಿಯರಲ್ಲಿ ತಾವಾಗಿ ಹಡಗು ಹತ್ತಿದವರು ಎಷ್ಟು ಮಂದಿ? ಬಹಳ ಜನರನ್ನು ಹಿಡಿದು ತಂದರು, ಮಾರಿದರು. 'ಬಂದವರು' ಅನ್ನೋ ಒಂದು ಕ್ರಿಯಾಪದದಲ್ಲಿ ಆ ಹಗ್ಗ, ಆ ಸಂತೆ, ಆ ಬೆಲೆ ಎಲ್ಲವೂ ಮುಚ್ಚಿಹೋಗುತ್ತದೆ. ಅದರಲ್ಲೂ ಹೆಣ್ಣಿನ ಬೆಲೆಯ ಮಾತಂತೂ ಯಾರೂ ಎತ್ತುವುದೇ ಇಲ್ಲ. ನಮಗೆ ಸಿದ್ದಿ ಬೇಕಾಗಿರೋದು ಓಟದ ಪಂದ್ಯಕ್ಕೆ, ವೇದಿಕೆ ಮೇಲೆ ದಮಾಮ್ ಬಡಿದು ಕುಣಿಯೋದಕ್ಕೆ.

ಈ ಕಾಡಿಗೆ ಅವರ ಅಜ್ಜಿಯರು ಹೇಗೆ ತಲುಪಿದರು ಅಂತ ಕೇಳಿದರೆ ಯುದ್ಧದ ಚರಿತ್ರೆಯನ್ನೇ ತೆಗೆಯಬೇಕಾಗುತ್ತದೆ. ಆ ಚರಿತ್ರೆ ಪರಂಗಿಯವರಿಂದ ಶುರುವಾದದ್ದಲ್ಲ. ಅವರಿಗಿಂತ ಮೊದಲೇ ನಮ್ಮ ನಾಡಿನಲ್ಲಿ ಅದಕ್ಕೊಂದು ಅಚ್ಚಕನ್ನಡದ ಹೆಸರಿತ್ತು. ವೀರಗಲ್ಲುಗಳನ್ನು ಓದಿದವರಿಗೆ ಗೊತ್ತು: ತುರುಗೋಳ್ ಅಂದರೆ ದನ ಹೊಡೆದುಕೊಂಡು ಹೋಗೋದು, ಊರಳಿವು ಅಂದರೆ ಊರು ಸುಡೋದು, ಪೆಣ್ಬುಯ್ಯಲ್ ಅಂದರೆ ದಾಳಿಯಲ್ಲಿ ಮಾನಕ್ಕೆ ಕೈ ಹಾಕಿದಾಗ ಹೆಣ್ಣು ಇಟ್ಟ ಕೂಗು. ಹೆಂಗಸರ ಉಡೆ ಬಿಚ್ಚಿಸಿದ ಮಾತು ಕೂಡ ಆ ಕಲ್ಲುಗಳಲ್ಲಿದೆ. ಯಾರು ಬಿಚ್ಚಿಸಿದ್ದು? ಎಷ್ಟೋ ಸಲ ಪಕ್ಕದ ಸೀಮೆಯ ಕನ್ನಡದ ದೊರೆಯ ಕನ್ನಡದ ಬಂಟರೇ. ಕೂಗು ಕೇಳಿ ಓಡಿಬಂದು ಸತ್ತ ಗಂಡಸಿಗೆ ಕಲ್ಲು ನೆಟ್ಟರು, ಅವನು ಅಪ್ಸರೆಯರ ಜೊತೆ ಸ್ವರ್ಗಕ್ಕೆ ಹೋಗೋ ಚಿತ್ರ ಕೆತ್ತಿದರು. ಕೂಗಿದವಳು ಆಮೇಲೆ ಎಲ್ಲಿದ್ದಳು, ಅವಳನ್ನು ಮನೆಯವರು ಒಳಗೆ ಕರೆದುಕೊಂಡರೋ ಇಲ್ಲವೋ, ಕಲ್ಲು ಬಾಯಿ ಬಿಡುವುದಿಲ್ಲ.

ಮುಂಡಗೋಡದಿಂದ ಮೂಡಲಿಗೆ ಇಳಿದರೆ ಬಂಕಾಪುರದ ಸೀಮೆ, ಅಲ್ಲಿ ಹೊಟ್ಟೂರು. ಅಲ್ಲಿನ 1007ರ ಸುಮಾರಿನ ಶಾಸನ ಚಾಲುಕ್ಯ ಸತ್ಯಾಶ್ರಯನ ಕಾಲದ್ದು. ಚೋಳ ಸೈನ್ಯ ಒಂಬತ್ತು ಲಕ್ಷ ಬಲದೊಂದಿಗೆ ಬಂದು ದೋಣವೂರಿನಲ್ಲಿ ಬೀಡು ಬಿಟ್ಟು ನಾಡು ಹಾಳು ಮಾಡಿತು, ಹೆಂಗಸರು ಮಕ್ಕಳು ಬ್ರಾಹ್ಮಣರನ್ನು ಕೊಂದಿತು, ಹೆಣ್ಣುಗಳನ್ನು ಹಿಡಿದು ಜಾತಿ ಕೆಡಿಸಿತು ಅಂತ ಅದು ದೂರುತ್ತದೆ. ಒಂಬತ್ತು ಲಕ್ಷ ಅನ್ನೋದು ಬರೆಸಿದವರ ಬಾಯಿಬಡಾಯಿ ಇರಬಹುದು. ಹೆಣ್ಣಿಗೆ ಆದ ಅನ್ಯಾಯ ಸುಳ್ಳಲ್ಲ. ಆದರೆ ಆ ಕೊನೆಯ ಮಾತು ನೋಡಿ, ಜಾತಿ ಕೆಟ್ಟಿತು ಅನ್ನೋದೇ ಅವರ ಸಂಕಟ! ಹೆಣ್ಣಿನ ಮೈ ನೊಂದದ್ದು ಲೆಕ್ಕಕ್ಕಿಲ್ಲ, ಆ ಮೈಯೊಳಗೆ ಬಚ್ಚಿಟ್ಟಿದ್ದ ಕುಲ ಕೆಟ್ಟದ್ದೇ ಲೆಕ್ಕ. ಮುಂದೆ 1054ರ ಕೊಪ್ಪಂ ಕದನ ಗೆದ್ದ ಚೋಳರು ತಮ್ಮ ಪ್ರಶಸ್ತಿಯಲ್ಲಿ ಕೊಳ್ಳೆಯ ಪಟ್ಟಿ ಕೆತ್ತಿಸಿದರು. ಆನೆ, ಕುದುರೆ, ಒಂಟೆಗಳ ಜೊತೆಗೆ ಚಾಲುಕ್ಯರ ರಾಣಿಯರು, ಸತ್ತಿಯವ್ವೆ ಮತ್ತು ಸಂಗಪ್ಪೆ. ರಾಣಿಯಾಗಿದ್ದರಿಂದ ಹೆಸರಾದರೂ ಉಳಿಯಿತು. ದಾಸಿಯ ಹೆಸರು ಯಾರು ಕೆತ್ತಿಸುತ್ತಾರೆ?

ಇನ್ನು ಜೊಯಿಡಾದ ಬೆನ್ನಿಗಿರುವ ಗೋವೆ. ಬಿಜಾಪುರದ ಆದಿಲಶಾಹಿ ಕೈಲಿದ್ದ ಆ ಊರನ್ನು ಪೋರ್ಚುಗೀಸ್ ಆಲ್ಬುಕರ್ಕ್ 1510ರಲ್ಲಿ ಎರಡು ಸಲ ಹಿಡಿದ. ಗೋವೆಯ ಮೇಲೆ ಬೀಳು ಅಂತ ಅವನಿಗೆ ದಾರಿ ತೋರಿಸಿದವನು ನಮ್ಮ ಹೊನ್ನಾವರದ ತಿಮ್ಮಯ್ಯ. ನವೆಂಬರ್ 25ಕ್ಕೆ ಎರಡನೇ ಸಲ ಊರು ಬಿತ್ತು. ಡಿಸೆಂಬರ್‌ನಲ್ಲಿ ಆಲ್ಬುಕರ್ಕ್ ತನ್ನ ದೊರೆಗೆ ಬರೆದ ಓಲೆಯಲ್ಲಿ ಏನನ್ನೂ ಮುಚ್ಚಿಟ್ಟಿಲ್ಲ. ನಾಲ್ಕು ದಿನ ಮುಸಲ್ಮಾನರನ್ನು ಹುಡುಕಿ ಹುಡುಕಿ ಕೊಂದದ್ದು, ಸತ್ತವರು ಗಂಡು ಹೆಣ್ಣು ಸೇರಿ ಆರು ಸಾವಿರ ಎಂಬ ಲೆಕ್ಕ, ಸೆರೆಸಿಕ್ಕ ಹೆಂಗಸರಲ್ಲಿ ಬಿಳಿ ಮೈಯ ಚೆಲುವೆಯರನ್ನು ತನ್ನ ಆಳುಗಳಿಗೆ ಮದುವೆ ಮಾಡಿಸಿ ಕುದುರೆ, ಮನೆ, ಭೂಮಿ, ದನ ಕೊಟ್ಟದ್ದು. ಕೆಲವು ಚರಿತ್ರೆಕಾರರು ಇದನ್ನು 'ಮಿಶ್ರವಿವಾಹದ ನೀತಿ' ಅಂತ ಕರೆದು ಹೊಗಳಿದ್ದಾರೆ. ಅಪ್ಪ, ಅಣ್ಣ, ಗಂಡ ಬೀದಿಯಲ್ಲಿ ಹೆಣವಾಗಿ ಬಿದ್ದಿರುವಾಗ ಕೊಂದವನ ಕೈ ಹಿಡಿಯೋದು ಎಂಥ ವಿವಾಹವೋ! ಇದಕ್ಕೆ ಕಾನೂನಿನಲ್ಲಿ ಹೆಸರು ಸಿಕ್ಕಿದ್ದು ಸುಮಾರು ಐನೂರು ವರ್ಷಗಳ ಮೇಲೆ. ಆಫ್ರಿಕಾದ ಸಿಯೆರಾ ಲಿಯೋನ್ ದೇಶದ ಒಳಯುದ್ಧದ ಮೊಕದ್ದಮೆಯಲ್ಲಿ ಅಲ್ಲಿನ ವಿಶೇಷ ನ್ಯಾಯಾಲಯ 2008ರಲ್ಲಿ, ಯುದ್ಧದಲ್ಲಿ ಹಿಡಿದ ಹೆಣ್ಣನ್ನು ಬಲವಂತದಿಂದ ಹೆಂಡತಿ ಮಾಡಿಕೊಳ್ಳೋದು ಮಾನವಕುಲದ ವಿರುದ್ಧದ ಅಪರಾಧ ಎಂದಿತು.

ಅದೇ 1510ರ ಮಳೆಗಾಲದ ಇನ್ನೊಂದು ಸಂಗತಿ. ಮೊದಲ ಸಲ ಗೋವೆ ಕಳಕೊಂಡು ಮಾಂಡವಿ ನದಿಯಲ್ಲಿ ಹಡಗಿನೊಳಗೆ ಸಿಕ್ಕಿಬಿದ್ದಿದ್ದಾಗ, ಸೆರೆಯಾಳು ಹೆಂಗಸರಿದ್ದ ಕಡೆ ಕದ್ದು ಹೋಗಿ ಒಬ್ಬಳನ್ನು ಕೂಡಿದ ಅಂತ ರೂಯಿ ದಿಯಾಸ್ ಎಂಬ ಸೈನಿಕನನ್ನು ಆಲ್ಬುಕರ್ಕ್ ಗಲ್ಲಿಗೇರಿಸಿದ. ಹೆಣ್ಣಿನ ಮೇಲಿನ ಕರುಣೆಯಿಂದ ಅಂತ ಯಾರೂ ಮೋಸ ಹೋಗಬೇಡಿ. ಅವಳು ಸೇನಾಪತಿಯ ಸೊತ್ತು, ಸೊತ್ತು ಕದ್ದವನಿಗೆ ನೇಣು. 1572ರಲ್ಲಿ ಕಮೊಯಿಸ್ ಎಂಬ ಅವರ ಮಹಾಕವಿ ತನ್ನ 'ಲುಸಿಯಾಡ್ಸ್' ಕಾವ್ಯದಲ್ಲಿ ಈ ಪ್ರಸಂಗ ಎತ್ತಿಕೊಂಡು ಮರುಗಿದ. ಯಾರಿಗಾಗಿ? ಸೈನಿಕನಿಗಾಗಿ. ಒಬ್ಬ ಕೀಳು ದಾಸಿಯ ಸಲುವಾಗಿ ಇಷ್ಟು ದೊಡ್ಡ ಶಿಕ್ಷೆಯೇ ಅನ್ನೋದು ಕವಿಯ ವ್ಯಥೆ. ಸೇನಾಪತಿಗೆ ಹೆಸರಿದೆ, ಸೈನಿಕನಿಗೆ ಹೆಸರಿದೆ. ಆ ಹೆಂಗಸಿಗೆ ಮಾತ್ರ ಇಲ್ಲ.

ಹೀಗೆ ಕಟ್ಟಿದ ಗೋವೆಗೆ ಆಫ್ರಿಕಾದ ಮೊಜಾಂಬಿಕ್ ಕಡೆಯಿಂದ ಗುಲಾಮರು ಬರತೊಡಗಿದರು. ಅಲ್ಲಿಯೂ ಮೂಲ ಯುದ್ಧವೇ. 1580ರ ದಶಕದಲ್ಲಿ ಗೋವೆಯಲ್ಲಿದ್ದ ಡಚ್ಚ ಲಿನ್‌ಶೋಟನ್ ಬರೆದ ಪ್ರಕಾರ, ಒಂದು ಪಂಗಡ ಇನ್ನೊಂದರ ಮೇಲೆ ಕಾದು ಹಿಡಿದವರನ್ನು ಪೋರ್ಚುಗೀಸರು ಕೊಳ್ಳುತ್ತಿದ್ದರು. ಕೊಳ್ಳುವವರು ಹಡಗು ತಂದು ಕಾಯುತ್ತಾ ಕೂತರೆ ಕಾದುವವರಿಗೆ ಕಾರಣ ಹುಡುಕಬೇಕೇ? 1608ರಿಂದ ಗೋವೆಯಲ್ಲಿದ್ದ ಫ್ರೆಂಚ್ ಪ್ರವಾಸಿ ಪಿರಾರ್ ಅಲ್ಲಿನ ದೊಡ್ಡ ಬೀದಿಯ ಹರಾಜು ಕಂಡು ಬರೆದಿದ್ದಾನೆ. ಗುಲಾಮರನ್ನು ಕುದುರೆ ಮಾರಿದ ಹಾಗೆ ಮಾರುತ್ತಿದ್ದರು. ಹುಡುಗಿಯರಿಗೆ ಹೊಲಿಗೆ ಬರುತ್ತೆ, ಮಿಠಾಯಿ ಮಾಡಲು ಬರುತ್ತೆ ಅಂತ ಗುಣ ಹೇಳಿ ಬೆಲೆ ಏರಿಸುತ್ತಿದ್ದರು. ಕನ್ಯೆ ಹೌದೋ ಅಲ್ಲವೋ ಅಂತ ಬೇರೆ ಹೆಂಗಸರಿಂದ ಪರೀಕ್ಷೆ ಮಾಡಿಸುತ್ತಿದ್ದರು. ಕೊಂಡ ಯಜಮಾನ ಅವಳೊಂದಿಗೆ ಮಲಗಿದರೆ ಆ ಊರಲ್ಲಿ ಅದು ನಾಚಿಕೆಯ ಸಂಗತಿಯೇ ಆಗಿರಲಿಲ್ಲ. ಇದನ್ನು ನಾವು ಓದುವಾಗ ಕೈ ನಡುಗುತ್ತದೆ. ಆದರೆ ನಮ್ಮೂರ ಗೌಡನ ಹಟ್ಟಿಯಲ್ಲಿ ಜೀತದ ಹೆಣ್ಣಾಳಿನ ಗತಿ ಏನಾಗಿತ್ತು ಅಂತ ನೆನೆದರೆ ಗೋವೆ ದೂರದ ಊರು ಅನ್ನಿಸುವುದಿಲ್ಲ.

ತಪ್ಪಿಸಿಕೊಂಡವರು ಘಟ್ಟ ಹತ್ತಿದರು. 1843ರ ಐದನೇ ಕಾಯ್ದೆ ಬಂದ ಮೇಲೆ ಬ್ರಿಟಿಷರ ಕೋರ್ಟುಗಳು ಗುಲಾಮನ ಮೇಲೆ ಯಜಮಾನನ ಹಕ್ಕನ್ನು ಒಪ್ಪುತ್ತಿರಲಿಲ್ಲ. ಗೋವೆಯಲ್ಲಿ ಗುಲಾಮಗಿರಿ ರದ್ದಾದದ್ದು 1869ರಲ್ಲಿ, ಅದೂ ಬಿಡುಗಡೆಯಾದವರು ಇನ್ನೂ ಕೆಲವು ವರ್ಷ ಹಳೇ ಯಜಮಾನನಿಗೇ ದುಡಿಯಬೇಕು ಅನ್ನೋ ಕೊಕ್ಕೆಯೊಂದಿಗೆ. ಹಾಗಾಗಿ ಕಾಲು ಶತಮಾನದ ಕಾಲ ಆ ಕಡೆಯ ಮರದ ಕೆಳಗೆ ಗುಲಾಮಳಾದವಳು ಈ ಕಡೆಯ ಮರದ ಕೆಳಗೆ ಗುಲಾಮಳಲ್ಲ. ಕಾಗದದ ಮೇಲೆ ಅಷ್ಟೇ. ಈ ಕಡೆ ತೋಟದವರ, ಜಮೀನುದಾರರ ಜೀತ ಕಾದು ಕೂತಿತ್ತು.

1858-59ರಲ್ಲಿ ಇದೇ ಸೂಪಾ ಸೀಮೆಯಲ್ಲಿ ಬ್ರಿಟಿಷರ ವಿರುದ್ಧ ಬಂಡಾಯ ಎದ್ದಿತು. ಫಡ್ನೀಸ್ ಸೋದರರ ಹೆಸರಿನ ಜೊತೆ ಸಿದ್ದಿ ಬಸ್ತ್ಯಾಂವನ ಹೆಸರೂ ಚರಿತ್ರೆಯಲ್ಲಿ ಉಳಿದಿದೆ. ಬಸ್ತ್ಯಾಂವ ನಮ್ಮವನು ಅಂತ ಎದೆ ತಟ್ಟಿಕೊಳ್ಳಲು ನಮಗೂ ಆಸೆ. ಹಾಗೇ ಒಂದು ಮಾತು ಕೇಳೋಣ. ಕಾಡಿನಲ್ಲಿ ತಿಂಗಳುಗಟ್ಟಲೆ ಅಡಗಿ ಕಾದಿದವರಿಗೆ ಗಂಜಿ ಹೊತ್ತವರು ಯಾರು? ಸಿಪಾಯಿಗಳು ದಟ್ಟಡವಿ ಶೋಧಿಸಲು ಬಂದಾಗ ಗುಡಿಸಲಲ್ಲಿ ಮಕ್ಕಳ ಜೊತೆ ಸಿಕ್ಕವರು ಯಾರು? ಬ್ರಿಟಿಷರ ಕಡತ ಬಂಡಾಯಗಾರರ ತಲೆ ಎಣಿಸಿತು, ನಮ್ಮ ಸ್ವಾತಂತ್ರ್ಯ ಚರಿತ್ರೆ ಅದೇ ಕಡತ ನೋಡಿ ಹುತಾತ್ಮರನ್ನು ಎಣಿಸಿತು. ಇಬ್ಬರೂ ಒಂದೇ ಪಟ್ಟಿ ಹಿಡಿದು ಕೂತರು. ಆ ಊರು ಸೂಪಾ ಈಗ ಕಾಳಿ ಅಣೆಕಟ್ಟಿನ ನೀರಿನಡಿ ಇದೆ, ಕಚೇರಿಗಳು ಜೊಯಿಡಾಕ್ಕೆ ಬಂದಿವೆ.

ಹಳೇ ಕಾಲದ ಮಾತು ಬಿಡಿ ಅನ್ನುವವರಿಗೆ ನಮ್ಮ ರಾಜ್ಯದ ತೆಂಕಣ ತುದಿಯ ಕಾಡು ತೋರಿಸುತ್ತೇವೆ. ಮಲೆ ಮಹದೇಶ್ವರ ಬೆಟ್ಟದ ಸುತ್ತ ವೀರಪ್ಪನ್ ಬೇಟೆಗೆ ಹೋದ ಎರಡು ರಾಜ್ಯಗಳ ಜಂಟಿ ಪಡೆಯ ಮೇಲೆ ಹಿಂಸೆ, ಅತ್ಯಾಚಾರದ ದೂರುಗಳು ಬಂದವು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. 2007ರಲ್ಲಿ 89 ಜನಕ್ಕೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಿ ಎಂದಿತು. ಗಡಿಯಾಚೆ ಧರ್ಮಪುರಿ ಜಿಲ್ಲೆಯ ವಾಚಾತಿಯಲ್ಲಿ 1992ರ ಜೂನ್ 20ರಂದು ಗಂಧದ ಮರ ಹುಡುಕಲು ನುಗ್ಗಿದ ಸಮವಸ್ತ್ರದವರು 18 ಆದಿವಾಸಿ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು. ಆ ಹೆಣ್ಣುಮಕ್ಕಳು ಹೆದರಲಿಲ್ಲ, ಕೋರ್ಟಿನಲ್ಲಿ ಬೆರಳು ಮಾಡಿ ತೋರಿಸಿದರು. ಆಪಾದಿತರು 269, ತೀರ್ಪು ಬಂದದ್ದು 2011ಕ್ಕೆ, ಅಷ್ಟರಲ್ಲಿ 54 ಜನ ಸತ್ತೇ ಹೋಗಿದ್ದರು. ಉಳಿದವರೆಲ್ಲ ತಪ್ಪಿತಸ್ಥರು. ಮದರಾಸು ಹೈಕೋರ್ಟು ಅದನ್ನು ಎತ್ತಿಹಿಡಿದದ್ದು 2023ರಲ್ಲಿ.

ಮತ್ತೆ ಜೊಯಿಡಾಕ್ಕೆ ಬರೋಣ. ದಲಿತ, ಆದಿವಾಸಿ ಹೆಣ್ಣಿನ ಮೇಲೆ ಕೈ ಮಾಡಿದವನಿಗೆ ಹೆಚ್ಚಿನ ಶಿಕ್ಷೆ ಇರುವ ದೌರ್ಜನ್ಯ ತಡೆ ಕಾಯ್ದೆ ಬಂದದ್ದು 1989ರಲ್ಲಿ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅಲ್ಲಿಯ ತನಕ ಸಿದ್ದಿ ಹೆಣ್ಣುಮಗಳಿಗೆ ಪಂಗಡದವಳಾಗಿ ಆ ಕಾಯ್ದೆಯ ಬಾಗಿಲು ತೆರೆದಿರಲಿಲ್ಲ. ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿರುವ ಅವಳ ಅಕ್ಕ, ಚಿಕ್ಕಮ್ಮಂದಿರು 2020ರ ತಿದ್ದುಪಡಿಯ ತನಕ ಕಾಯಬೇಕಾಯಿತು. ಜೊಯಿಡಾದಿಂದ ಬೆಳಗಾವಿಯ ಖಾನಾಪುರ ಸೀಮೆಗೆ ನಡುವೆ ಇರೋದು ಒಂದೇ ಕಾಡು.