ಜೇನುಹಿಂಡಿನ ನಿರ್ಣಯ: ಒಂದು ವಿಚಾರದ ಇತಿಹಾಸ

ಜೇನುಗೂಡಿಗೆ ಒಬ್ಬ ಒಡೆಯನಿರಲೇಬೇಕೆಂದು ಮನುಷ್ಯನು ಬಹುಕಾಲ ನಂಬಿದ್ದನು. ಅರಿಸ್ಟಾಟಲನು ಗೂಡಿನ ದೊಡ್ಡ ನೊಣವನ್ನು ಅರಸನೆಂದು ಕರೆದನು. 1609ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಬಟ್ಲರನು ಅದು ಅರಸನಲ್ಲ, ಅರಸಿಯೆಂದು ಸಾರಿದನು. ಪಟ್ಟವು ಗಂಡಿನಿಂದ ಹೆಣ್ಣಿಗೆ ಹೋಯಿತೇ ಹೊರತು ಆಳ್ವಿಕೆಯ ಕಲ್ಪನೆ ಅಳಿಯಲಿಲ್ಲ. ನಮ್ಮ ನುಡಿಯಲ್ಲಿಯೂ ಅದು ರಾಣಿಯೇ. ಹಾಗಾದರೆ ಹಿಂಡು ಹಳೆಯ ಗೂಡನ್ನು ಬಿಟ್ಟು ಹೊರಟಾಗ ಹೊಸ ನೆಲೆಯನ್ನು ಆರಿಸುವವರು ಯಾರು?

ಇದಕ್ಕೆ ಉತ್ತರದ ಸುಳಿವು ದೊರೆತುದು 1949ರ ವಸಂತದಲ್ಲಿ, ಯುದ್ಧದಿಂದ ಹಾಳಾಗಿದ್ದ ಮ್ಯೂನಿಕ್ ನಗರದಲ್ಲಿ. ಜೇನ್ನೊಣದ ಕುಣಿತವು ಆಹಾರದ ದಿಕ್ಕನ್ನೂ ದೂರವನ್ನೂ ತಿಳಿಸುವುದೆಂದು ಕಾರ್ಲ್ ಫಾನ್ ಫ್ರಿಶ್ ಅವರು ಆಗಲೇ ತೋರಿಸಿಕೊಟ್ಟಿದ್ದರು. ಅವರ ಶಿಷ್ಯ ಮಾರ್ಟಿನ್ ಲಿಂಡಾವರ್ ಅವರು ಪೊದೆಯೊಂದರಲ್ಲಿ ಜೋತುಬಿದ್ದ ಹಿಂಡಿನ ಮೇಲೆಯೂ ಕೆಲವು ನೊಣಗಳು ಕುಣಿಯುವುದನ್ನು ಕಂಡರು. ಆದರೆ ಅವುಗಳ ಮೈಗೆ ಅಂಟಿದ್ದುದು ಪರಾಗವಲ್ಲ. ಮಸಿ ಮತ್ತು ಇಟ್ಟಿಗೆಯ ಪುಡಿ. ಅವು ಹೂವಿನಿಂದ ಬಂದವಲ್ಲ, ಹೊಗೆಗೂಡುಗಳನ್ನೂ ಮುರಿದ ಗೋಡೆಗಳನ್ನೂ ಶೋಧಿಸಿ ಬಂದ ಬೇಹುನೊಣಗಳು ಎಂದು ಅವರು ತರ್ಕಿಸಿದರು.

ಮುಂದೆ ಅವರು 19 ಹಿಂಡುಗಳ ಕುಣಿತವನ್ನು ಬರೆದಿಟ್ಟು 1955ರಲ್ಲಿ ಪ್ರಕಟಿಸಿದರು. ಮೊದಲು ಕುಣಿತಗಳು ಹಲವು ದಿಕ್ಕುಗಳನ್ನು ತೋರುತ್ತಿದ್ದವು. ಗಂಟೆಗಳೋ ದಿನಗಳೋ ಕಳೆದ ಮೇಲೆ ಎಲ್ಲವೂ ಒಂದನ್ನೇ ತೋರಿದವು. ಆಗ ಹಿಂಡು ಹಾರಿತು. 17 ಹಿಂಡುಗಳು ಹೀಗೆ ಒಮ್ಮತಕ್ಕೆ ಬಂದವು, ಎರಡು ಬರಲಿಲ್ಲ. ಇದು ಅಲ್ಪ ವಿಷಯವಲ್ಲ. ಹಿಂಡು ಒಡೆದರೆ ರಾಣಿಯಿಂದ ಅಗಲಿದ ಪಾಲಿಗೆ ಉಳಿವಿಲ್ಲ. ನೆಲೆಯು ಕಿರಿದಾದರೆ ಚಳಿಗಾಲಕ್ಕೆ ಸಾಲುವ ತುಪ್ಪಕ್ಕೆ ಎಡೆಯಿಲ್ಲ.

ಒಮ್ಮತವು ಹೇಗೆ ಉಂಟಾಗುವುದೆಂಬುದನ್ನು ಬಿಡಿಸಿದವರು ಅಮೆರಿಕದ ಟಾಮಸ್ ಸೀಲಿ ಮತ್ತು ಅವರ ಸಂಗಡಿಗರು. ಮರಗಳು ವಿರಳವಾದ ಆಪಲ್‌ಡೋರ್ ದ್ವೀಪದಲ್ಲಿ ಪೆಟ್ಟಿಗೆಗಳನ್ನಿಟ್ಟು ಅವರು ಪರೀಕ್ಷಿಸಿದರು. ಉತ್ತಮ ನೆಲೆಯನ್ನು ಕಂಡ ನೊಣವು ಹೆಚ್ಚು ಹೊತ್ತು ಕುಣಿಯುವುದು. ಅದನ್ನು ನೋಡಿದ ನೊಣವು ಮಾತನ್ನು ನಂಬಿ ಸುಮ್ಮನಾಗದೆ ತಾನೇ ಹೋಗಿ ಪರೀಕ್ಷಿಸುವುದು. ಪ್ರತಿಯೊಂದರ ಉತ್ಸಾಹವೂ ಕ್ರಮೇಣ ತಗ್ಗುವುದರಿಂದ ಯಾವ ಹಟವೂ ಉಳಿಯದು. ಒಂದು ನೆಲೆಯಲ್ಲಿ ಏಕಕಾಲಕ್ಕೆ ಇಪ್ಪತ್ತು ಮೂವತ್ತು ನೊಣಗಳು ನೆರೆದಾಗ ಪ್ರಯಾಣದ ಸಿದ್ಧತೆ ಮೊದಲಾಗುವುದು. ಈ ವ್ಯವಹಾರದಲ್ಲಿ ರಾಣಿಗೆ ಪಾಲಿಲ್ಲ.

ಸೀಲಿಯವರು 2010ರಲ್ಲಿ ಇದನ್ನು ಜೇನಿನ ಪ್ರಜಾಪ್ರಭುತ್ವವೆಂದು ಕರೆದರು. ಈ ಹೆಸರೂ ಮನುಷ್ಯನದೇ, ಅರಸನೆಂಬ ಹೆಸರಿನಂತೆ. ಆದರೆ ಒಂದು ಭೇದವುಂಟು: ಅಂದು ಹೆಸರು ಮೊದಲು ಬಂದಿತು, ನೋಟ ಆಮೇಲೆ; ಇಂದು ನೊಣಗಳನ್ನು ಒಂದೊಂದಾಗಿ ಎಣಿಸಿದ ಬಳಿಕ ಹೆಸರು ಬಂದಿದೆ.